ಪಂಖ ಹೊತ್ತು ಪರದೇಶಕ್ಕೆ

ಅವರ್ಸಾ

ಪರದೇಶಕ್ಕೆ ಹೋಗಿ ಬಂದೆ ಎಂದರೆ ಜನ ಮೊದಲು ಹಡಗಿನ ಹೆಸರು ಕೇಳುತ್ತಾರೆ. ನಾನು ಹೋದದ್ದು ಸರ್ವಿಸ್ ಮೋಟಾರು, ಹೊಳೆ ದಾಟಿಸುವ ದೋಣಿ ಮತ್ತು ಎತ್ತಿನ ಗಾಡಿಯಲ್ಲಿ. ಹಾಗಾಗಿ ಅದನ್ನು ಪ್ರವಾಸ ಎನ್ನಲು ನನ್ನ ಓರಗಿತ್ತಿ ಈಗಲೂ ಒಪ್ಪುವುದಿಲ್ಲ. ಒಪ್ಪದಿದ್ದರೆ ಬಿಡಲಿ. ಕಾರವಾರ ದಾಟಿ ಮಾಜಾಳಿಯ ಆಚೆ ಗೋವೆಯಲ್ಲಿ ಕಾಲಿಟ್ಟರೆ ಪೋರ್ತುಗೀಜರ ಸರಕಾರ, ಬೇರೆ ಬಾವುಟ, ಬೇರೆ ನಾಣ್ಯ. ನಮ್ಮ ಕಲೆಕ್ಟರ ಸಾಹೇಬರ ಹೆಸರು ಹೇಳಿದರೆ ಅಲ್ಲಿಯ ಪೋಲೀಸ ಯಾರದು ಎಂದು ಕೇಳುತ್ತಾನೆ. ಇದು ಪರದೇಶವಲ್ಲದಿದ್ದರೆ ಇನ್ನು ಯಾವುದು?

ಹೋದ ಕಾರಣ ಹೇಳಿಬಿಡುತ್ತೇನೆ. ನಮ್ಮನೆಯವರು ಅವರ್ಸಾದ ಶಾಲೆಯಲ್ಲಿ ಮಾಸ್ತರು. ಆ ಕಾಲದಲ್ಲಿ ವಿಲಾಯತಿ, ಫ್ರಾನ್ಸು ಕಡೆಯ ಜನಕ್ಕೆ ಒಬ್ಬರು ಕೂರುವಷ್ಟು ಚಿಕ್ಕ ವಿಮಾನವನ್ನು ಮನೆಯ ಹಿತ್ತಲಲ್ಲೇ ಕಟ್ಟಿಕೊಳ್ಳುವ ಹುಚ್ಚು ಹಿಡಿದಿತ್ತು. ಅದರ ನಕ್ಷೆ ಒಂದು ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಇವರ ಕೈಗೆ ಸಿಕ್ಕಿತು. ಅಲ್ಲಿಗೆ ನಮ್ಮ ಮನೆಯ ನೆಮ್ಮದಿ ಮುಗಿಯಿತು. ಊರಿನ ದೋಣಿ ಕಟ್ಟುವ ಸುಬ್ರಾಯ ಆಚಾರಿಯನ್ನು ಹಿಡಿದು ತಂದರು. ಆಚಾರಿಗೆ ವಿಮಾನವೆಂದರೆ ಏನೆಂದು ಗೊತ್ತಿರಲಿಲ್ಲ. ಇವರಿಗೂ ಗೊತ್ತಿರಲಿಲ್ಲ. ಇಬ್ಬರಿಗೂ ಅದು ಅಡ್ಡಿಯೆನಿಸಲಿಲ್ಲ.

ಆಚಾರಿ ಮೈ ಕಟ್ಟಿದರು. ರೆಕ್ಕೆಯ ಬಟ್ಟೆ ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ಹೊಲಿದದ್ದೇನೋ ಸರಿಯಾಗಿಯೇ ಇತ್ತು. ಆದರೆ ಬಟ್ಟೆ ತಮಟೆಯ ಹಾಗೆ ಬಿಗಿಯಾಗಬೇಕು ಎಂದರು. ಬಟ್ಟೆ ಬಿಗಿಯಾಗಲು ನಮ್ಮಲ್ಲಿ ಏನು ಹಾಕುತ್ತಾರೆ? ಗಂಜಿ ತಾನೆ? ನಾನೂ ಅಕ್ಕಿ ಗಂಜಿ ಹಾಕಿದೆ. ಮರುದಿನ ಹೋಗಿ ನೋಡಿದರೆ ಯಾರದೋ ಹಸು ಒಂದು ರೆಕ್ಕೆಯನ್ನು ನೆಕ್ಕಿ ನೆಕ್ಕಿ ತೂತು ಮಾಡಿಟ್ಟು, ಇನ್ನೊಂದರ ಕಡೆಗೆ ತಿರುಗಿತ್ತು. ಅನಂತರ ಕಾರವಾರದಿಂದ ವಾರ್ನೀಸು ತರಿಸಿದರು. ಅದರ ವಾಸನೆಗೆ ಹಸು ಹಾಗಿರಲಿ, ನಾನೂ ಹತ್ತಿರ ಹೋಗಲಿಲ್ಲ.

ಒಳಗಿನ ಸಲಕರಣೆಗಳೂ ಹೀಗೆಯೇ ಒಂದೊಂದಾಗಿ ಕೂಡಿಬಂದವು. ದಿಕ್ಸೂಚಿ ಒಂದು ಮುರಿದ ಹಾಯಿಹಡಗಿನದು. ವಿಮಾನ ಓರೆಯಾದರೆ ತಿಳಿಯಲಿ ಎಂದು ಅಡ್ಡ ಮಲಗಿಸಿದ ಸೀಸೆಯಲ್ಲಿ ತೆಂಗಿನೆಣ್ಣೆ. ಗಾಳಿಯ ವೇಗ ನೋಡಲು ಸೀಮೆಎಣ್ಣೆ ಡಬ್ಬಿಯ ತಗಡನ್ನು ಕತ್ತರಿಸಿ ಸ್ಪ್ರಿಂಗಿಗೆ ಕಟ್ಟಿದ್ದು. ಆಸನಕ್ಕಾಗಿ, ನನ್ನನ್ನು ಒಂದು ಮಾತೂ ಕೇಳದೆ, ನನ್ನ ಬೆತ್ತದ ಕುರ್ಚಿಯ ಕಾಲು ಕೊಯ್ದರು. ಇಷ್ಟೆಲ್ಲ ಆದ ಮೇಲೆ ಎಂಜಿನ್ ಒಂದು ಮಾತ್ರ ಇರಲಿಲ್ಲ.

ವಿಮಾನ ನಿಂತದ್ದು ಕಡಲ ದಂಡೆಯ ದೋಣಿ ಚಪ್ಪರದಲ್ಲಿ. ಮೀನುಗಾರರ ಮುಖ್ಯಸ್ಥ ಜಟ್ಟಿ ತಾಂಡೇಲನ ಉಪಕಾರದಿಂದ ಸಿಕ್ಕ ಜಾಗ. ಸೆಕೆ ಏರಿ, ಕಡಲ ನೀರಿನ ಬಣ್ಣ ಬದಲಾಗುತ್ತಿದ್ದ ಹಾಗೆ ಅವನು ಒಂದು ದಿನ ಬಂದು ಹೇಳಿದ.

"ಮಾಸ್ತರ್ರೆ, ಮಳೆ ಬಂತು ಅಂದ್ರೆ ನಮ್ ದೋಣಿ ಒಳಗೆ ಬರ್ಬೇಕು. ಅಷ್ಟ್ರೊಳಗೆ ನಿಮ್ ಹಕ್ಕಿ ಹಾರಿದ್ರೆ ಅದ್ಕೂ ಒಂದು ಮೂಲೆ ನಾನೇ ಮಾಡ್ಕೊಡ್ತೆ. ಹಾರ್ಲಿಲ್ಲ ಅಂದ್ರೆ ಬಿಚ್ಚಿ ತಕಂಡು ಹೋಗಿ."

ಬಿಚ್ಚುವುದೆಲ್ಲಿಂದ ಬಂತು? ಎಲ್ಲ ಅಂಟಿಸಿದ್ದು. ಬಿಚ್ಚುವುದೆಂದರೆ ಒಡೆಯುವುದೇ. ಆ ಸಂಜೆ ಇವರು ಊಟ ಮಾಡಲಿಲ್ಲ. ಮಳೆ ಬರುವ ಮೊದಲು ಎಂಜಿನ್ ಸಿಗಬೇಕು, ವಿಮಾನ ಹಾರಬೇಕು, ಇಲ್ಲವೆಂದರೆ ಎರಡು ವರ್ಷದ ಕೆಲಸವೆಲ್ಲ ಒಲೆಗೆ. ಹುಚ್ಚು ಅವರದೇ ಆದರೂ ಹೊಲಿಗೆ ನನ್ನದು.

ಆಗ ಮೋಟಾರಿನ ಡ್ರೈವರನೊಬ್ಬ ಸುದ್ದಿ ತಂದ. ಮಡಗಾಂವಿನಲ್ಲಿ ಒಬ್ಬ ಪಿಟೀಲು ಬಾರಿಸುವವನ ಹತ್ತಿರ ದೊಡ್ಡ ಮೋಟಾರ್ ಸೈಕಲ್ಲಿನ ಎಂಜಿನ್ ಸುಮ್ಮನೆ ಬಿದ್ದಿದೆಯಂತೆ. ಇವರಿಗೆ ಕೊಂಕಣಿಯ ಗಂಧವಿಲ್ಲ. ನನ್ನ ತವರು ಚೆಂಡಿಯಾ, ಮನೆಮಾತೇ ಕೊಂಕಣಿ. ಹೀಗೆ ನಾನು ದುಭಾಷಿಯಾದೆ. ಎಂಜಿನ್ನಿನ ಮೂತಿಗೆ, ಗಿರ್ರನೆ ತಿರುಗಿ ವಿಮಾನವನ್ನು ಮುಂದಕ್ಕೆ ಎಳೆಯುವ ಪಂಖ ಕೂರುತ್ತದೋ ಇಲ್ಲವೋ ಅಲ್ಲೇ ನೋಡಬೇಕಿತ್ತು. ಆ ಪಂಖ ಆಚಾರಿ ಹಲಗೆಯ ಮೇಲೆ ಹಲಗೆ ಅಂಟಿಸಿ, ತಿಂಗಳುಗಟ್ಟಲೆ ಕೂತು ಕೆತ್ತಿದ್ದು. ಅದನ್ನು ಬೇರೆಯವರ ಕೈಗೆ ಕೊಡುವ ಪೈಕಿಯವರಲ್ಲ ಅವರು. ಹೀಗೆ ಮೂವರಾದೆವು.

ಕಾರವಾರ

ಪಂಖ ಆಳೆತ್ತರಕ್ಕೆ ಸ್ವಲ್ಪ ಕಡಿಮೆ. ನನ್ನ ಹಳೆಯ ಸೀರೆಯಲ್ಲಿ ಸುತ್ತಿ, ಆಚಾರಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಮೋಟಾರಿನಲ್ಲಿ ಕೂತರು. ಒಂದು ತುದಿ ಕಿಟಕಿಯಿಂದ ಹೊರಗೆ, ಇನ್ನೊಂದು ತುದಿ ನಮ್ಮನೆಯವರ ಗಲ್ಲದ ಕೆಳಗೆ. ತಿರುವಿನಲ್ಲೆಲ್ಲ ಇವರು ಆಕಾಶ ನೋಡಬೇಕಾಯಿತು. ಮುಂದೆ ಹಾರುವವರಿಗೆ ಅಭ್ಯಾಸವಾಗಲಿ ಎಂದು ನಾನು ಸುಮ್ಮನಿದ್ದೆ.

ಚೆಂಡಿಯಾದಲ್ಲಿ ಮೋಟಾರು ನಿಂತಾಗ ನನ್ನ ಅತ್ತಿಗೆ ರಸ್ತೆ ಬದಿಯಲ್ಲಿ ಸೊಪ್ಪು ಹಿಡಿದು ನಿಂತಿದ್ದಳು. ಗೋವೆಗೆ ಹೋಗುತ್ತಿದ್ದೇವೆ ಎಂದೆ. ಅವಳು ಸೀರೆ ಸುತ್ತಿದ ಗಂಟನ್ನೇ ನೋಡಿದಳು.

"ಇದೆಂತದೇ?"

"ಪಂಖ."

"ಗೋವೆಲಿ ಅಷ್ಟು ಸೆಕೆ ಅದ್ಯಾ?"

ಉತ್ತರ ಕೊಡುವಷ್ಟರಲ್ಲಿ ಮೋಟಾರು ಹೊರಟಿತು. ಮಡಗಾಂವಿನಲ್ಲಿ ಸೆಕೆಗೆ ಜನ ಸಾಯುತ್ತಿದ್ದಾರೆ ಎಂಬ ಸುದ್ದಿ ಅನಂತರ ಚೆಂಡಿಯಾದ ತುಂಬ ಓಡಾಡಿತಂತೆ.

ಕಾರವಾರದಲ್ಲಿ ಇಳಿದು ಕೋಡಿಬಾಗಕ್ಕೆ ನಡೆದೆವು. ಅಲ್ಲಿ ಕಾಳಿ ಹೊಳೆ ಕಡಲು ಸೇರುತ್ತದೆ. ದಾಟಲು ದೋಣಿಯೇ ಗತಿ. ದೋಣಿಯವ ಆಚಾರಿಯ ಹೆಗಲ ಮೇಲಿನದನ್ನು ಕಂಡು, ಸ್ವಂತ ಹುಟ್ಟು ತಂದಿದ್ದಾರೋ ಎಂದು ಕೊಂಕಣಿಯಲ್ಲಿ ನನ್ನನ್ನು ಕೇಳಿದ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಬಾರದಿತ್ತು. ಆಚಾರಿಗೆ ಸಿಟ್ಟು ನೆತ್ತಿಗೇರಿತು. ಸೀರೆ ಬಿಚ್ಚಿ ಪಂಖ ತೋರಿಸಿಯೇ ಬಿಟ್ಟರು. ದೋಣಿಯವ ತಿರುವನ್ನು ಕೈಯಿಂದ ಸವರಿ ನೋಡಿದ, ತಲೆ ಅಲ್ಲಾಡಿಸಿದ.

"ಕೆತ್ತಿದವನ ಕೈ ಚಲೋ ಅದೆ. ಆದರೆ ಒಣಗುವಾಗ ಮರ ತಿರುಚಿದೆ, ಪಾಪ," ಎಂದ.

ಇದನ್ನು ನಾನು ಕನ್ನಡಕ್ಕೆ ತಿರುಗಿಸಲಿಲ್ಲ. ಹೊಗಳುತ್ತಿದ್ದಾನೆ ಎಂದೆ. ಆಚಾರಿ ಸದಾಶಿವಗಡದ ದಡ ಮುಟ್ಟುವವರೆಗೂ ಅವನ ಜೊತೆ ನಗುನಗುತ್ತ ಕೂತರು.

ಮಾಜಾಳಿ ಮತ್ತು ಅದರಾಚೆ

ಗಡಿಯ ಈಚೆ ನಮ್ಮ ಪೋಲೀಸು. ಅಂಕೋಲೆ ತಾಲೂಕಿನವರು ಎಂದ ಕೂಡಲೆ ಅವನ ಕಿವಿ ನೆಟ್ಟಗಾಯಿತು. ಉಪ್ಪಿನ ಸತ್ಯಾಗ್ರಹದ ಗಲಾಟೆ ಆದ ಮೇಲೆ ನಮ್ಮ ಕಡೆಯವರೆಂದರೆ ಪೋಲೀಸರಿಗೆ ಒಂದು ಥರದ ಮರ್ಯಾದೆ. ಗಂಟಿನಲ್ಲಿ ಉಪ್ಪಿದೆಯಾ ಎಂದು ಕೇಳಿದ. ಉಪ್ಪು ಇಷ್ಟುದ್ದ ಇರುತ್ತದೆಯೇ ಎಂದು ನಾನು ಕೇಳಿದೆ. ಬಾವುಟದ ಕೋಲೂ ಅಲ್ಲವೆಂದು ಖಾತ್ರಿ ಮಾಡಿಕೊಂಡು ಬಿಟ್ಟ.

ಆಚೆಯ ಪೋರ್ತುಗೀಜ ಸುಂಕದ ನಾಕೆಯಲ್ಲಿ ಯಾರೂ ಇರಲಿಲ್ಲ. ಇದ್ದರು, ಆದರೆ ಮಲಗಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಆ ದೇಶವೇ ಬಾಗಿಲು ಹಾಕಿಕೊಂಡು ಮಲಗುತ್ತದೆ. ನಮ್ಮಲ್ಲಿ ಅಧಿಕಾರಿಗಳು ಮಲಗುವುದಿಲ್ಲವೆಂದಲ್ಲ. ಕಾಗದದ ಕಟ್ಟು ಮುಂದಿಟ್ಟುಕೊಂಡು, ಕೈಯಲ್ಲಿ ಟಾಕಿನ ಲೇಖಣಿ ಹಿಡಿದು, ಕೂತೇ ಮಲಗುತ್ತಾರೆ. ಇಲ್ಲಿ ಆ ಸಂಕೋಚವೇ ಇಲ್ಲ. ಒಬ್ಬ ಸಿಪಾಯಿ ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನು ಗೇರು ಮರದ ನೆರಳಿಗೆ ಕಳಿಸಿದ. ನಾವೂ ಮಲಗಿದೆವು. ಪರದೇಶದಲ್ಲಿ ನಾವು ಮಾಡಿದ ಮೊದಲ ಕೆಲಸ ನಿದ್ದೆ.

ಎದ್ದು ಬಂದ ಅಧಿಕಾರಿ ದಪ್ಪ ಮೀಸೆಯ, ಒಳ್ಳೆಯ ಮನಸ್ಸಿನ ಮನುಷ್ಯ. ಇದೇನು ಎಂದು ಕೇಳಿದ. ವಿಮಾನ ಎಂದರೆ ಅಲ್ಲೇ ತಿಂಗಳು ಕಳೆಯಬೇಕಾದೀತು ಎಂದು ನನಗೆ ಹೆದರಿಕೆ.

"ಪಂಖೊ," ಎಂದೆ. ಸುಳ್ಳಂತೂ ಅಲ್ಲ.

ಹೇಗೆ ಗಾಳಿ ಬರುತ್ತದೆ, ತೋರಿಸಿ ಎಂದ. ಆಚಾರಿ ನಡುವಿನ ತೂತಿಗೆ ಕೋಲು ತೂರಿಸಿ ಇವರ ಕೈಗೆ ಕೊಟ್ಟರು. ಇವರು ಕೋಲು ಹಿಡಿದು ಹಿಂದೆ ನಿಂತರು, ಆಚಾರಿ ಮುಂದೆ ನಿಂತು ಎರಡೂ ಕೈಯಲ್ಲಿ ತಿರುಗಿಸಿದರು. ತಿರುಗಿಸುತ್ತಲೇ ಅಧಿಕಾರಿಗೆ ತಿಳಿಸಲು ನನಗೆ ಹೇಳಿದರು.

"ಬಲಕ್ಕೇ ತಿರುಗ್ಬೇಕು ಅಂತ ಹೇಳಿ, ಅಮ್ಮ. ಪ್ರದಕ್ಷಿಣೆ. ಎಡಕ್ಕೆ ತಿರುಗ್ಸೂದು ಸತ್ತ ಮನೇಲಿ ಮಾತ್ರ. ಅಂಥದ್ದು ನನ್ ಕೈಲಿ ಆಗೂದಲ್ಲ."

"ಹೌದು, ಬಲಕ್ಕೆ. ನಕ್ಷೆಯಲ್ಲೂ ಹಾಗೇ ಇದೆ," ಎಂದು ಇವರೂ ಹಿಂದಿನಿಂದ ದನಿಗೂಡಿಸಿದರು.

ಅಧಿಕಾರಿಗೆ ಬಲ ಎಡದ ಚಿಂತೆಯಿರಲಿಲ್ಲ. ಮುಖಕ್ಕೆ ತಣ್ಣನೆಯ ಗಾಳಿ ಬಂದಾಗ ಕಣ್ಣು ಮುಚ್ಚಿದ. ಮನೆಬಳಕೆಯ ಪಂಖೊ, ಹೋಗಲಿ ಎಂದ.

ಕಾಣಕೋಣ

ಗಾಡಿಯಲ್ಲಿ ಹೋಗುತ್ತ ನಾನು ಪರದೇಶ ಎಲ್ಲಿ ಕಾಣುತ್ತದೆ ಎಂದು ಹುಡುಕುತ್ತಿದ್ದೆ. ಅದೇ ತೆಂಗು, ಅದೇ ಗದ್ದೆ, ಬುಟ್ಟಿಯಲ್ಲಿ ಅದೇ ಬಂಗಡೆ. ಮೀನು ಮಾರುವವಳು ನಮ್ಮೂರಿನವಳ ಹಾಗೆಯೇ ಬೈಯುತ್ತಾಳೆ. ಆದರೆ ಹೆಂಗಸರು ಗಂಡಸರ ಸಮಕ್ಕೆ ಜಗಲಿಯ ಕಲ್ಲಾಸನದಲ್ಲಿ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾರೆ. ನಮ್ಮಲ್ಲಿ ನಾನು ಹಾಗೆ ಕೂತರೆ ಅತ್ತೆಯವರಿಗೆ ತಲೆನೋವು ಬರುತ್ತದೆ. ಇಲ್ಲಿ ಯಾರ ಅತ್ತೆಗೂ ತಲೆನೋವು ಬಂದ ಹಾಗೆ ಕಾಣಲಿಲ್ಲ. ಅತ್ತೆಯೇ ಪಕ್ಕದಲ್ಲಿ ಕೂತಿದ್ದಳು.

ಕಾಣಕೋಣದಲ್ಲಿ ರಾತ್ರಿ ತಂಗಿದೆವು, ಬೆಳಿಗ್ಗೆ ರೊಟ್ಟಿಯವ ಬಂದ. ಪಾವು ಅನ್ನುತ್ತಾರಲ್ಲ, ಆ ಉಬ್ಬಿದ ರೊಟ್ಟಿ. ಅದನ್ನು ಹುಳಿ ಬರಿಸಲು ಕಳ್ಳು ಹಾಕುತ್ತಾರೆಂದು ತಿಳಿದ ಆಚಾರಿ ಕೈ ಹಿಂದಕ್ಕೆ ತೆಗೆದರು. ಅವರು ಪರದೇಶದ ಅನ್ನ ನೀರು ಮುಟ್ಟುವುದಿಲ್ಲವೆಂದು ಅವರ್ಸಾದಿಂದಲೇ ಅವಲಕ್ಕಿ ಮತ್ತು ತಂಬಿಗೆಯಲ್ಲಿ ಬಾವಿ ನೀರು ತಂದಿದ್ದರು. ಅವಲಕ್ಕಿ ಗಂಟಲಿಗೆ ಕಟ್ಟಿ ತಂಬಿಗೆ ಖಾಲಿಯಾಯಿತು. ಬಿಸಿಲು ಏರಿತು. ಕಡೆಗೆ ಒಂದು ಬಾವಿಕಟ್ಟೆಯಲ್ಲಿ ಕಣ್ಣು ಮುಚ್ಚಿ ಕುಡಿದರು, ಕಣ್ಣು ಬಿಟ್ಟರು, ಇನ್ನೊಂದು ತಂಬಿಗೆ ಕೇಳಿದರು.

"ನಮ್ ಬಾವಿಗಿಂತ ಸಿಹಿ ಅದೆ," ಎಂದರು, ಸ್ವಲ್ಪ ಬೇಸರದಿಂದ.

ಮಡಗಾಂವ್, ಹೋದ ದಿನ

ಪಿಟೀಲಿನವನ ಹೆಸರು ಸೆಬಾಸ್ತ್ಯಾಂವ್. ಮದುವೆ ಮನೆಗಳಲ್ಲಿ ಬಾರಿಸುವವ, ತೆಳ್ಳಗಿನ ನಾಚಿಕೆಯ ಮನುಷ್ಯ. ಮನೆಯಲ್ಲಿ ಅವನು ಮತ್ತು ಅವನ ತಾಯಿ. ಕಿಟಕಿಗಳಿಗೆ ಗಾಜಿನ ಬದಲು ಕಡಲ ಚಿಪ್ಪನ್ನು ತೆಳ್ಳಗೆ ಮಾಡಿ ಕೂರಿಸಿದ್ದರು. ಒಳಗೆ ಬರುವ ಬೆಳಕು ಹಾಲಿನ ಬಣ್ಣದ್ದು. ನಾನು ಅದನ್ನು ನೋಡುತ್ತ ನಿಂತರೆ ಇವರು ನನ್ನನ್ನು ದಾಟಿಕೊಂಡು ಹಿತ್ತಲಿಗೆ ಹೋಗಿಯಾಗಿತ್ತು. ಅಲ್ಲಿ ಕೋಳಿಬುಟ್ಟಿಯ ಕೆಳಗೆ ಎಂಜಿನ್ ಇತ್ತು.

ಸೆಬಾಸ್ತ್ಯಾಂವ್ ಅದನ್ನು ಒರೆಸಿ, ಒಂದು ಎತ್ತಿನ ಗಾಡಿಯ ಮುಂಭಾಗಕ್ಕೆ ಬಿಗಿದು, ಶುರು ಮಾಡಿದ. ಕೋಳಿಗಳು ಹೆಂಚಿನ ಮಾಡಿನ ಮೇಲೆ ಹತ್ತಿದವು. ಇವರ ಮುಖ ಅಷ್ಟು ಅರಳಿದ್ದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಆಮೇಲೆ ಆ ಮುಖ ಮೆಲ್ಲಗೆ ಬಾಡಿತು. ಎಂಜಿನ್ನಿನ ಹಿಂದೆ ಹೋಗಿ ನೋಡಿದರು, ಮುಂದೆ ಬಂದು ನೋಡಿದರು, ಪಂಖವನ್ನು ಎತ್ತಿ ಹಿಡಿದರು, ತಿರುವಿ ಹಿಡಿದರು.

"ಆಚಾರ್ರೆ," ಎಂದರು. "ಬಲಕ್ಕೆ ಅಂತ ಹೇಳಿದಿರಲ್ಲ, ಎಲ್ಲಿ ನಿಂತು?"

"ಎಲ್ಲಿ ನಿಂತು ಅಂದ್ರೆ? ದೇವರ ಮುಂದೆ ನಿಲ್ಲೂದಿಲ್ವಾ, ಹಂಗೆ. ಎದುರಿಗೆ ನಿಂತು."

"ನಾನು ಹಿಂದೆ ಕೂತು ಹೇಳಿದ್ದು. ಹಾರಿಸುವವ ಪಂಖದ ಹಿಂದೆ ಕೂರ್ತಾನೆ."

ಎರಡು ವರ್ಷ ಇಬ್ಬರೂ ಬಲಕ್ಕೆ, ಬಲಕ್ಕೆ ಎಂದು ತಲೆಯಾಡಿಸುತ್ತ ಒಂದೇ ಚಪ್ಪರದಲ್ಲಿ ಕೆಲಸ ಮಾಡಿದ್ದರು. ಎದುರಿಗೆ ನಿಂತವನ ಬಲ ಹಿಂದೆ ಕೂತವನ ಎಡ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಎಂಜಿನ್ ಹಿಂದೆ ಕೂತವನ ಬಲಕ್ಕೆ ತಿರುಗುತ್ತಿತ್ತು. ಪಂಖ ಎದುರಿಗೆ ನಿಂತವನ ಬಲಕ್ಕೆ ಕೆತ್ತಿದ್ದಾಗಿತ್ತು.

ತಿರುವಿ ಹಾಕಿದರಾಯಿತಲ್ಲ ಎಂದು ನಾನು ಹೇಳಿದೆ. ಇವರು ತಿರುವಿ ಹಿಡಿದು ತೋರಿಸಿದರು. ಸ್ಕ್ರೂ ಮೊಳೆಯನ್ನು ಯಾವ ಕಡೆಯಿಂದ ನೋಡಿದರೂ ಅದರ ಸುತ್ತು ಬದಲಾಗುವುದಿಲ್ಲ, ಹಾಗೆ ಇದೂ. ಆದರೂ ಒಮ್ಮೆ ನೋಡೋಣ ಎಂದು ಸೆಬಾಸ್ತ್ಯಾಂವ್ ಪಂಖ ಬಿಗಿದು ಎಂಜಿನ್ ಶುರು ಮಾಡಿದ. ಎತ್ತಿಲ್ಲದ ಗಾಡಿ ಒಮ್ಮೆ ನಡುಗಿತು. ಆಮೇಲೆ ನೆಟ್ಟಗೆ ಹಿಂದಕ್ಕೆ ಹೊರಟಿತು. ಒಣಮೀನು ಹರವಿದ ಚಾಪೆಯ ಮೇಲೆ ಹಾಯ್ದು, ಬಟ್ಟೆ ಒಣಗಿಸುವ ಹಗ್ಗ ಹರಿದು, ಹಿತ್ತಲ ಗೋಡೆಗೆ ಬೆನ್ನು ಕೊಟ್ಟು ನಿಂತಿತು. ಸೆಬಾಸ್ತ್ಯಾಂವನ ತಾಯಿ ಹೊರಗೆ ಬಂದು ಶಿಲುಬೆಯ ಗುರುತು ಮಾಡಿಕೊಂಡಳು.

ಇನ್ನೊಂದು ಕೆತ್ತಿಕೊಡಿ ಎಂದು ಕೇಳಲು ನಾನು ಹೋದೆ. ಆಚಾರಿಯ ಕಣ್ಣಲ್ಲಿ ನೀರಿತ್ತು.

"ಎಡಕ್ಕೆ ತಿರುಗೂದು ನಾನು ಮಾಡೂದಿಲ್ಲ, ಅಮ್ಮ. ಮಾಡ್ತೆ ಅಂದ್ರೂ ಅಂಥಾ ಒಣ ಮರ ಎಲ್ಲದೆ? ಮಳೆ ಬಂದೇ ಬಿಡ್ತು."

ಇವರು ಜಗಲಿಯ ಕಲ್ಲಾಸನದಲ್ಲಿ ಕೂತಿದ್ದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಹೋಗಿ ಒಡೆದುಬಿಡೋಣ. ತಾಂಡೇಲನಿಗೆ ಯಾಕೆ ತೊಂದರೆ," ಎಂದಷ್ಟೇ ಹೇಳಿದರು. ಅವರನ್ನು ಹಾಗೆ ನೋಡಿ ನನಗೆ ಅಳು ಬಂತು. ವಿಮಾನದ ಮೇಲೆ ಅಷ್ಟು ಆಸೆ ನನಗೂ ಇದೆಯೆಂದು ಗೊತ್ತಾದದ್ದು ಆಗಲೇ.

ಮಡಗಾಂವ್, ಮರುದಿನ

ಬೆಳಿಗ್ಗೆ ನಾನು ಸೆಬಾಸ್ತ್ಯಾಂವನ ತಾಯಿಯ ಜೊತೆ ಕೂತು ಮಣ್ಣಾದ ಒಣಮೀನು ಆರಿಸುತ್ತಿದ್ದೆ. ನಮ್ಮಿಂದಲೇ ಹಾಳಾದದ್ದು, ಕೈ ಹಚ್ಚದೆ ಇರಲು ಆಗುತ್ತದೆಯೇ? ಮುದುಕಿಗೆ ನನ್ನ ಚೆಂಡಿಯಾ ಕೊಂಕಣಿ ಕೇಳಿ ನಗು. ನನಗೆ ಅವಳದು ಕೇಳಿ ನಗು. ಅದೇ ಮಾತು, ಆದರೆ ಅವಳು ಎಲ್ಲವನ್ನೂ ಮೂಗಿನಲ್ಲಿ ಹಾಡುತ್ತಾಳೆ.

"ನೀವು ಬಂದದ್ದು ಒಳ್ಳೆಯದಾಯಿತು, ಬಾಯ್," ಎಂದಳು. "ಆ ಸೈತಾನನನ್ನು ತೆಗೆದುಕೊಂಡು ಹೋಗಿ. ನಿನ್ನೆ ನೋಡಿದಿರಲ್ಲ, ಹಿಂದಕ್ಕೆ ಓಡುವುದನ್ನು? ಅದರ ಹುಟ್ಟುಗುಣವೇ ಅದು."

ನಿನ್ನೆ ಓಡಿದ್ದು ನಮ್ಮ ಪಂಖದ ತಪ್ಪಿನಿಂದ ಎಂದೆ. ಮುದುಕಿ ತಲೆ ಕೊಡವಿದಳು.

"ಪಂಖೊ ಇಲ್ಲದಾಗಲೂ ಓಡಿದೆ. ಇವನು ಒಂದು ಮದುವೆಗೆ ಹೊರಟ. ಕೋಟು, ಟೋಪಿ, ಬೆನ್ನಿಗೆ ಪಿಟೀಲು. ಶುರು ಮಾಡಿ ಹತ್ತಿ ಕೂತರೆ ಮೋಟಾರ್ ಸೈಕಲ್ಲು ಹಿಂದಕ್ಕೆ ಹೋಯಿತು. ಪಾದ್ರಿಯ ಹೂವಿನ ಕುಂಡಗಳ ಮೇಲೆ. ಪಿಟೀಲು ಮುರಿಯಿತು. ಅವತ್ತೇ ನಾನು ಹೇಳಿದೆ, ಇದು ಇರಬೇಕು ಇಲ್ಲ ನಾನು ಇರಬೇಕು ಅಂತ."

ನನ್ನ ಕೈಯ ಮೀನು ಕೈಯಲ್ಲೇ ಉಳಿಯಿತು. ಹಾಗೇ ಎದ್ದು ಹಿತ್ತಲಿಗೆ ಹೋದೆ. ಸೆಬಾಸ್ತ್ಯಾಂವ್ ಗಾಡಿಯಿಂದ ಎಂಜಿನ್ ಬಿಚ್ಚುತ್ತಿದ್ದ. ನಿನ್ನ ಎಂಜಿನ್ ಹಿಂದುಮುಂದಾಗಿ ತಿರುಗುವುದುಂಟೇ ಎಂದು ನೇರವಾಗಿ ಕೇಳಿದೆ. ಪಾಪ, ಅವನ ಕಿವಿ ಕೆಂಪಾಯಿತು. ಮಾರುವ ಸಾಮಾನಿನ ಐಬು ಹೇಳಿಕೊಳ್ಳಲು ಯಾರಿಗೆ ಇಷ್ಟ? ಉಂಟು ಎಂದ. ಕಾಲಿನಿಂದ ಒದ್ದು ಶುರು ಮಾಡುವಾಗ ಒದೆತ ಸಾಲದಿದ್ದರೆ ಎಂಜಿನ್ ತಿರುಗಿ ಒದೆಯುತ್ತದೆ, ಆಮೇಲೆ ಉಲ್ಟಾ ಸುತ್ತುತ್ತಲೇ ಇರುತ್ತದೆ. ಈ ಜಾತಿಯ ಎಂಜಿನ್ನಿಗೆ ಎರಡು ಕಡೆಯೂ ಒಂದೇ. ನಿಮ್ಮ ಗಂಡನಿಗೆ ಹೇಳಬೇಡಿ, ಸರಿಮಾಡಿಯೇ ಕೊಡುತ್ತೇನೆ ಎಂದ.

"ಸರಿ ಮಾಡಬೇಡ ಮಾರಾಯ," ಎಂದೆ. "ಹಾಗೇ ಬೇಕು."

ಜಗಲಿಗೆ ಓಡಿ ಇವರಿಗೆ ಹೇಳಿದೆ. ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಕೂತಲ್ಲಿಂದ ಎದ್ದವರು ಚಪ್ಪಲಿ ಹಾಕಿಕೊಳ್ಳಲೂ ಮರೆತು ಹಿತ್ತಲಿಗೆ ಹೋದರು. ಆಮೇಲೆ ಅವರಿಬ್ಬರಿಗೂ ದುಭಾಷಿ ಬೇಕಾಗಲಿಲ್ಲ. ಎಂಜಿನ್ನಿನೊಳಗೆ ಕಿಡಿ ಹಾರುವ ಹೊತ್ತನ್ನು ಹಿಂದುಮುಂದು ಮಾಡಿದರೆ ಅದು ಯಾವಾಗಲೂ ಉಲ್ಟಾ ಕಡೆಗೇ ತಿರುಗುತ್ತದಂತೆ. ಇವರು ಕನ್ನಡದಲ್ಲಿ ಕೇಳಿದರು, ಅವನು ಕೊಂಕಣಿಯಲ್ಲಿ ಹೇಳಿದ, ಇಬ್ಬರೂ ಮೈಯೆಲ್ಲ ಎಣ್ಣೆ ಮಾಡಿಕೊಂಡರು. ಆಚಾರಿ ದೂರ ನಿಂತು, ತಮ್ಮ ಪಂಖಕ್ಕೆ ಎಣ್ಣೆ ಕೈ ತಾಗುತ್ತದೆಂದು ಗೊಣಗಿದರು.

ಮಧ್ಯಾಹ್ನದ ಊಟಕ್ಕೆ ಮೊದಲು ಗಾಡಿ ಸಿದ್ಧವಾಯಿತು. ಆಚಾರಿ ಪಂಖ ಬಿಗಿಯಾಗಿದೆಯೇ ಎಂದು ನೋಡಿ, ಗಾಡಿಯ ಹಿಂಭಾಗದಲ್ಲಿ ಹತ್ತಿ ಕೂತರು. ಮತ್ತೆ ಹಿಂದಕ್ಕೇ ಹೋದರೆ ಗೋಡೆಗೆ ಮೊದಲು ತಾಗುವುದು ತಾನೇ ಆಗಲಿ ಎಂಬ ಹಟ. ಎಂಜಿನ್ ಶುರುವಾಯಿತು. ಗಾಡಿ ನಡುಗಿತು. ನಾನು ಮುದುಕಿಯ ಕೈ ಹಿಡಿದುಕೊಂಡೆ.

ಗಾಡಿ ಮುಂದಕ್ಕೆ ಹೊರಟಿತು. ಮೆಲ್ಲಗಲ್ಲ. ಹಿತ್ತಲ ದಣಪೆ ಬಾಗಿಲು ದಾಟಿ, ರಸ್ತೆಗೆ ಬಿದ್ದು, ಎತ್ತಿಲ್ಲದೆ, ಆಚಾರಿಯೊಬ್ಬರನ್ನೇ ಹೇರಿಕೊಂಡು ಪಾದ್ರಿಯ ಇಗರ್ಜಿಯ ಕಡೆಗೆ ಹೋಯಿತು. ಹಿಂದೆ ಇವರು, ಅವರ ಹಿಂದೆ ಸೆಬಾಸ್ತ್ಯಾಂವ್, ಅವನ ಹಿಂದೆ ಊರಿನ ನಾಯಿಗಳು. ಜಗಲಿಗಳಲ್ಲಿ ಕೂತ ಜನ ಎದ್ದು ನಿಂತು, ಪದ್ಧತಿಯಂತೆ ಆಚಾರಿಗೆ ನಮಸ್ಕಾರ ಹೇಳಿದರು. ಆಚಾರಿಯೂ ಕೈ ಮುಗಿದರಂತೆ. ಗಾಡಿ ಒಂದು ಗದ್ದೆಯ ಅಂಚಿಗೆ ಸಿಕ್ಕಿ ನಿಂತಿತು. ನಾನು ಹೋಗಿ ಮುಟ್ಟಿದಾಗ ಅವರಿನ್ನೂ ಮೇಲೆಯೇ ಕೂತಿದ್ದರು.

"ಇಳಿರಿ ಆಚಾರ್ರೆ."

"ಇನ್ನೊಂದು ಸಲ ಹೋಗ್ವಾ?" ಎಂದರು.

ಹೊರಡುವಾಗ ಮುದುಕಿ ನನ್ನ ತಲೆ ಮೇಲೆ ಕೈಯಿಟ್ಟು "ದೇವ ಬರೆಂ ಕರುಂ" ಎಂದಳು. ದೇವರು ಒಳ್ಳೆಯದು ಮಾಡಲಿ ಎಂದು. ಎಂಜಿನ್ ಮನೆ ಬಿಟ್ಟದ್ದಕ್ಕೆ ಅವಳ ಮುಖದಲ್ಲಿ ಇದ್ದ ಸಂತೋಷವನ್ನು ನೋಡಿದರೆ ದೇವರು ಅವಳಿಗೆ ಆಗಲೇ ಒಳ್ಳೆಯದು ಮಾಡಿದ್ದ. ಸೆಬಾಸ್ತ್ಯಾಂವ್ ಮಾತ್ರ ಗಾಡಿ ಕಣ್ಮರೆಯಾಗುವ ತನಕ ರಸ್ತೆಯಲ್ಲೇ ನಿಂತಿದ್ದ.

ತಿರುಗಿ ಮಾಜಾಳಿ

ಈ ಸಲ ನಾವೇ ನಾಕೆಯವರು ಏಳುವ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಮೀಸೆಯ ಅಧಿಕಾರಿ ಪಂಖದ ಗುರುತು ಹಿಡಿದ. ಎಂಜಿನ್ ನೋಡಿ, ಕೈಯಲ್ಲಿ ತಿರುಗಿಸುವುದು ಬೇಡವೆಂದು ತಂದಿರೋ ಎಂದು ಕೇಳಿದ. ಹೌದು ಎಂದೆ. ಇಷ್ಟು ಗಾಳಿ ಬೇಕಾದರೆ ನಿಮ್ಮ ಊರಿನ ಸೆಕೆ ಎಂಥದಿರಬೇಕು ಎಂದು ಮರುಗಿ ಬಿಟ್ಟುಕೊಟ್ಟ. ಈಚೆಯ ನಮ್ಮ ಪೋಲೀಸ ಎಂಜಿನ್ನಿನ ತೂತುಗಳಿಗೆಲ್ಲ ಮೂಗಿಟ್ಟು ಗೋವೆಯ ಸಾರಾಯಿಯ ವಾಸನೆ ಹುಡುಕಿದ. ಅವನ ಮೂಗಿನ ತುದಿ ಕಪ್ಪಾಯಿತು. ಯಾರೂ ಹೇಳಲಿಲ್ಲ.

ಕಾಳಿಯ ಮೇಲೆ ಬರುವಾಗ ಪಡುವಣ ಕಡೆ ಮೋಡ ಕಟ್ಟಿತ್ತು. ಇವರು ಎಂಜಿನ್ನಿನ ಮೇಲೆ ತಮ್ಮ ಕೋಟು ಹೊದಿಸಿ, ಬರೇ ಅಂಗಿಯಲ್ಲಿ ಕೂತರು.

ಅವರ್ಸಾದ ಮರಳು

ಕಡಲು ಇಳಿದು ಮರಳು ಗಟ್ಟಿಯಾದ ಒಂದು ಬೆಳಿಗ್ಗೆ ವಿಮಾನವನ್ನು ಚಪ್ಪರದಿಂದ ಹೊರಗೆ ಎಳೆದರು. ಮೋಡ ತಲೆಯ ಮೇಲೇ ಇತ್ತು. ಮೀನುಗಾರರು ದೋಣಿಗಳನ್ನು ದಂಡೆಗೆ ತಂದು, ಜಾಗ ಖಾಲಿಯಾಗಲಿ ಎಂದು ಕಾಯುತ್ತಿದ್ದರು. ಇವತ್ತಲ್ಲದಿದ್ದರೆ ಇಲ್ಲ ಎಂದು ಎಲ್ಲರಿಗೂ ಗೊತ್ತು. ಆಚಾರಿ ಕಾಯಿ ಒಡೆದು, ಪಂಖದ ಎದುರಿಗೆ ಕೈ ಮುಗಿದು ನಿಂತರು. ಎಂಜಿನ್ ಶುರುವಾಯಿತು. ಅವರು ನಿಂತ ಕಡೆಯಿಂದ ನೋಡಿದರೆ ಪಂಖ ಬಲಕ್ಕೇ ತಿರುಗಿತು. ಅವರನ್ನು ಅಲ್ಲಿಂದ ಸರಿಸಲು ನಾಲ್ಕು ಜನ ಬೇಕಾಯಿತು.

ನಮ್ಮನೆಯವರಿಗೆ ಈಜು ಬರುವುದಿಲ್ಲ. ಅದು ನನಗೆ ನೆನಪಾದದ್ದು ವಿಮಾನ ಮರಳಿನ ಮೇಲೆ ಓಡಲು ಶುರು ಮಾಡಿದ ಮೇಲೆ. ಓಡಿತು, ಕುಪ್ಪಳಿಸಿತು, ಇನ್ನೊಮ್ಮೆ ಕುಪ್ಪಳಿಸಿ ಕೆಳಗೆ ಬರಲೇ ಇಲ್ಲ. ನಮ್ಮ ಮನೆಯ ಮಾಡಿನಷ್ಟು ಎತ್ತರದಲ್ಲಿ, ನಾನು ಹೊಲಿದ ರೆಕ್ಕೆಯ ಮೇಲೆ, ನನ್ನ ಬೆತ್ತದ ಕುರ್ಚಿಯಲ್ಲಿ ಕೂತು ಅವರು ಹೋಗುತ್ತಿದ್ದರು. ನಾನು ಅಷ್ಟು ಸಂತೋಷ ಅದಕ್ಕೆ ಮೊದಲೂ ಪಟ್ಟಿರಲಿಲ್ಲ, ಆಮೇಲೂ ಪಟ್ಟಿಲ್ಲ. ಗಾಳಿ ಬೀಸಿತು. ವಿಮಾನ ಮೆಲ್ಲಗೆ ಕಡಲ ಕಡೆಗೆ ಸರಿಯಿತು. ಎಂಜಿನ್ ಕೆಮ್ಮಿತು, ನಿಂತಿತು. ವಿಮಾನ ಅಲೆಗಳ ಆಚೆ ನೀರಿಗೆ ಇಳಿಯಿತು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಸೀರೆಯ ನೆರಿಗೆ ಹಿಡಿದು ಸೊಂಟದ ಮಟ್ಟದ ನೀರಿನಲ್ಲಿದ್ದೆ. ಜಟ್ಟಿ ತಾಂಡೇಲನ ದೋಣಿ ನನ್ನನ್ನು ದಾಟಿ ಹೋಯಿತು. ಅಲೆ ಇಳಿದಾಗ ನೋಡಿದರೆ ವಿಮಾನ ಮುಳುಗಿರಲಿಲ್ಲ. ಬಾತುಕೋಳಿಯ ಹಾಗೆ ತೇಲುತ್ತಿತ್ತು. ನಡುವೆ ಇವರು ಹಿಡಿಗೋಲು ಬಿಡದೆ ನೆಟ್ಟಗೆ ಕೂತಿದ್ದರು. ಅಂಗಿ ಎದೆಯವರೆಗೆ ಒದ್ದೆ, ತಲೆಗೂದಲು ಒಣಗಿಯೇ ಇತ್ತು.

ಹಗ್ಗ ಕಟ್ಟಿ ಎಳೆದು ತಂದರು. ದಂಡೆಯ ಮೇಲೆ ಆಗಲೇ ಜಗಳ ಹತ್ತಿತ್ತು. ಹಾರಿತು ಎಂದು ಕೆಲವರು, ಹಾರಲಿಲ್ಲ, ನೆಗೆಯಿತು ಎಂದು ಕೆಲವರು. ಕೋಳಿಮರಿಯೂ ಅಷ್ಟು ಹಾರುತ್ತದೆ, ಕಡಲಿಗೆ ಬಿದ್ದದ್ದನ್ನು ಹಾರಿದ್ದು ಎನ್ನುವುದು ಹೇಗೆ ಎಂದು ಒಬ್ಬ ಕೇಳಿದ. ಇವರು ನಡುಗುತ್ತ ತಾಂಡೇಲನ ಮುಖವನ್ನೇ ನೋಡುತ್ತಿದ್ದರು. ಮಳೆಯ ಹನಿ ಬೀಳತೊಡಗಿತು.

ತಾಂಡೇಲ ಜಗಳಕ್ಕೆ ಕಿವಿ ಕೊಡಲಿಲ್ಲ. ವಿಮಾನದ ಸುತ್ತ ಒಂದು ಸುತ್ತು ಬಂದ. ಮೈ ಮೇಲೆ ಬೆರಳಿನಿಂದ ತಟ್ಟಿದ. ಬಗ್ಗಿ ಒಳಗೆ ಕೈ ಹಾಕಿ, ಕೈ ಹೊರಗೆ ತೆಗೆದು ನೋಡಿಕೊಂಡ. ಆಸನದ ಮೇಲೆ ಎರಚಿದ ನೀರು ಬಿಟ್ಟರೆ ತಳದಲ್ಲಿ ಹನಿ ನೀರಿರಲಿಲ್ಲ.

"ಆಚಾರ್ರೆ, ಸಂದಿಗೆ ಹತ್ತಿ ತುರುಕಿ ರಾಳ ಹೊಯ್ದಿದೀರಿ ಅಲ್ರಾ?"

"ಹೊಯ್ಯದೆ ಇರ್ತಾರಾ?" ಎಂದರು ಆಚಾರಿ.

"ಅದಕ್ಕೇ ಇಷ್ಟು ಭಾರ!" ಎಂದು ಇವರು ಕೂಗಿದರು. ದೋಣಿಗೆ ನೀರು ನುಗ್ಗದಿರಲಿ ಎಂದು ಹೊಯ್ಯುವ ರಾಳ ಆಕಾಶಕ್ಕೆ ಹೋಗುವುದಕ್ಕೆ ಬೇಡವೆಂದು ಯಾರೂ ಆಚಾರಿಗೆ ಹೇಳಿರಲಿಲ್ಲ. ಅವರೂ ಯಾರನ್ನೂ ಕೇಳಿರಲಿಲ್ಲ.

ತಾಂಡೇಲ ಎದ್ದು ನಿಂತು ಜನರ ಕಡೆ ತಿರುಗಿದ.

"ಹಾರ್ತೋ ಇಲ್ವೋ ನಂಗೆ ತಿಳೂದಿಲ್ಲ. ಅದೆಲ್ಲ ಮಾಸ್ತರ್ರ ವಿದ್ಯೆ. ದೋಣಿ ಮಾತ್ರ ಚಲೋ ಅದೆ. ಮಳೇಲಿ ಹೊರಗೆ ಬಿಡೂ ದೋಣಿ ಅಲ್ಲ. ಎಳೀರಿ ಒಳಗೆ."

ಗಂಡಸರು ರೆಕ್ಕೆಗೂ ಮೈಗೂ ಕೈ ಹಚ್ಚಿದರು. ಇವರು ಒದ್ದೆ ಅಂಗಿಯಲ್ಲಿ ಅಡ್ಡ ನಿಂತು, ಇದು ದೋಣಿಯಲ್ಲ, ವಿಮಾನ ಎಂದು ತಿಳಿಸಿ ಹೇಳಲು ಬಾಯಿ ತೆರೆದರು. ನಾನು ಅವರ ತೋಳು ಹಿಡಿದು ಪಕ್ಕಕ್ಕೆ ಎಳೆದೆ.

"ಸುಮ್ನಿರಿ. ಮಳೆಗಾಲ ಮುಗಿಯೂ ತನಕ ದೋಣಿಯೇ," ಎಂದೆ.